ಚಂದ್ರಿ ನಡೆದ ದಾರಿ, ಸ್ನೇಹಲತಾ ಕೂತ ಕೋಣೆ

'ಸಂಸ್ಕಾರ' ಕಾದಂಬರಿ ಬಂದದ್ದು 1965ರಲ್ಲಿ. ಅವತ್ತಿನಿಂದ ನಮ್ಮ ವಿಮರ್ಶಕರು ಪ್ರಾಣೇಶಾಚಾರ್ಯರ ಹಿಂದೆ ಕಾಡು ಮೇಡು ಜಾತ್ರೆ ಅಲೆದದ್ದೇ ಅಲೆದದ್ದು. ಆಚಾರ್ಯರ ದ್ವಂದ್ವ, ಆಚಾರ್ಯರ ಆಯ್ಕೆ, ಆಚಾರ್ಯರ ಅಸ್ತಿತ್ವದ ಬಿಕ್ಕಟ್ಟು. ಪರೀಕ್ಷೆಗೆ ಓದುವ ನಮ್ಮ ಹುಡುಗ ಹುಡುಗಿಯರೂ ಇದನ್ನೇ ಬಾಯಿಪಾಠ ಮಾಡಿ ಹತ್ತು ಅಂಕ ತಗೊಳ್ಳುತ್ತಾರೆ. ಹೆಣ ಸುಟ್ಟವರು ಯಾರು ಅಂತ ಕೇಳಿದರೆ ಅರ್ಧ ಜನಕ್ಕೆ ಗೊತ್ತಿಲ್ಲ. ಹೆಣದ ಸುತ್ತಲೇ ಹೆಣೆದ ಕಥೆಯಲ್ಲಿ ಹೆಣ ಸುಟ್ಟವಳ ಹೆಸರೇ ಮರೆತುಹೋಗುತ್ತದೆ ಅಂದರೆ, ನಾವು ಓದುತ್ತಿರುವುದು ಯಾರ ಕಣ್ಣಿನಿಂದ?

ಈ ಬರಹ ಆ ಚಂದ್ರಿಯ ಬಗ್ಗೆ. ಮತ್ತು 1970ರ ಸಿನಿಮಾದಲ್ಲಿ ಚಂದ್ರಿಯಾಗಿ ಅಭಿನಯಿಸಿ, ಆರು ವರ್ಷದ ನಂತರ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಕೂತು ಡೈರಿ ಬರೆದ ಸ್ನೇಹಲತಾ ರೆಡ್ಡಿಯವರ ಬಗ್ಗೆ. ಒಬ್ಬಳು ಕಾಗದದ ಹೆಣ್ಣು, ಇನ್ನೊಬ್ಬರು ರಕ್ತಮಾಂಸದ ಹೆಣ್ಣು. ನೋಡಿ, ಬರೆಯುವಾಗಲೇ ನನ್ನ ಕೈ ಒಬ್ಬಳಿಗೆ 'ಅವಳು' ಅಂತಲೂ ಇನ್ನೊಬ್ಬರಿಗೆ 'ಅವರು' ಅಂತಲೂ ಬರೆಯುತ್ತಿದೆ. ಕನ್ನಡದ ವ್ಯಾಕರಣದೊಳಗೇ ಅಗ್ರಹಾರ ಕೂತಿದೆ. ಇರಲಿ.

ಚಂದ್ರಿ ಮಾಡುವುದು ಏನು? ಕುಂದಾಪುರದಿಂದ ಬಂದವಳು, ನಾರಣಪ್ಪನ ಜೊತೆ ಹತ್ತು ವರ್ಷ ಬಾಳಿದವಳು, ತಾಳಿ ಇಲ್ಲದವಳು. ನಾರಣಪ್ಪ ಸತ್ತ ದಿನ ದೂರ್ವಾಸಪುರದ ಬ್ರಾಹ್ಮಣರೆಲ್ಲ ಊಟ ಬಿಟ್ಟು ಕೂತಿದ್ದಾರೆ. ಅದು ದುಃಖಕ್ಕಲ್ಲ, ಹೆಣ ಇರುವಾಗ ಉಣ್ಣುವಂತಿಲ್ಲ ಎಂಬ ಮಡಿಗೆ. ಯಾರು ಸುಡಬೇಕು, ಸುಟ್ಟರೆ ಜಾತಿ ಹೋಗುತ್ತದೋ ಇಲ್ಲವೋ, ಖರ್ಚು ಯಾರದು ಅನ್ನುವ ಲೆಕ್ಕಾಚಾರ. ಆಗ ಚಂದ್ರಿ ಮೈಮೇಲಿನ ಒಡವೆ ಬಿಚ್ಚಿ ಆಚಾರ್ಯರ ಮುಂದೆ ಇಡುತ್ತಾಳೆ, ಇದರಿಂದ ಸಂಸ್ಕಾರ ಮಾಡಿಸಿ ಎಂದು. ಅವಳ ಲೆಕ್ಕದಲ್ಲಿ ಅದು ಸತ್ತವನ ಋಣ. ಬಂಗಾರ ಕಂಡದ್ದೇ ತಡ, ಹೆಣ ಬೇಡ ಅಂದವರಿಗೇ ಹೆಣ ಬೇಕಾಗುತ್ತದೆ. ಅನಂತಮೂರ್ತಿಯವರು ಇಲ್ಲಿ ತಮ್ಮ ಜಾತಿಯ ಹೊಟ್ಟೆಯನ್ನು ಬಗೆದು ತೋರಿಸಿದ್ದಾರೆ, ಆ ಧೈರ್ಯಕ್ಕೆ ಮೆಚ್ಚಲೇಬೇಕು.

ಆದರೆ ಈ ಹಂತದಲ್ಲಿ ಚಂದ್ರಿಗೆ ಇನ್ನೂ ಆಚಾರ್ಯರ ಮೇಲೆ ನಂಬಿಕೆ ಇದೆ. ದೊಡ್ಡವರು, ತಿಳಿದವರು, ದಾರಿ ತೋರಿಸುತ್ತಾರೆ ಅಂತ ಜಗಲಿಯಲ್ಲಿ ಕಾಯುತ್ತಾಳೆ. ನಮ್ಮವ್ವ, ಅವ್ವನ ಅವ್ವ ಎಲ್ಲರೂ ಹೀಗೇ ಯಾರದೋ ಜಗಲಿಯ ಕೆಳಗೆ ಕಾದವರು. ಗ್ರಂಥದಲ್ಲಿ ಉತ್ತರ ಸಿಕ್ಕುವುದಿಲ್ಲ, ಮಾರುತಿಯೂ ಪ್ರಸಾದ ಕೊಡುವುದಿಲ್ಲ. ಕತ್ತಲ ಕಾಡಿನಲ್ಲಿ ಆಚಾರ್ಯರೂ ಅವಳೂ ಕೂಡುತ್ತಾರೆ, ಹಸಿದ ಅವರಿಗೆ ಮಡಿಲಿನ ಬಾಳೆಹಣ್ಣು ತಿನ್ನಿಸುತ್ತಾಳೆ. ವಿಮರ್ಶಕರಿಗೆ ಇಷ್ಟವಾದ ಜಾಗ ಇದು. ಇದರ ಮೇಲೆ ಪುಟಗಟ್ಟಲೆ ಬರೆದಿದ್ದಾರೆ. ನನಗೆ ಮುಖ್ಯ ಆಮೇಲಿನದು.

ಆಮೇಲೆ ಚಂದ್ರಿ ಯಾರನ್ನೂ ಕೇಳುವುದಿಲ್ಲ. ಆಚಾರ್ಯರು ಊರಿನವರ ಮುಂದೆ ಎಲ್ಲ ಹೇಳಿಬಿಡುತ್ತೇನೆ ಎಂದದ್ದೂ ಅವಳಿಗೆ ಬೇಕಿಲ್ಲ. ಕೊಳೆಯುತ್ತಿರುವ ಹೆಣದ ಹತ್ತಿರ ಹೋಗುತ್ತಾಳೆ, ನಾತ ಹೊಡೆಯುತ್ತದೆ, ಹೆದರುತ್ತಾಳೆ. ಗಾಡಿಯ ಶೇಷಪ್ಪನನ್ನು ಕೇಳಿದರೆ ಅವನು ಬ್ರಾಹ್ಮಣನ ಹೆಣ ಮುಟ್ಟಿದರೆ ಕೆಟ್ಟೆ ಅಂತ ಕೈಬಿಡುತ್ತಾನೆ. ಕೊನೆಗೆ ಮೀನಿನ ವ್ಯಾಪಾರದ ಅಹಮದ್ ಬ್ಯಾರಿ ಬರುತ್ತಾನೆ. ರಾತ್ರಿ ಗಾಡಿ, ಸೌದೆ, ಬೆಂಕಿ. ಮುಗಿಯಿತು. ಬೆಳಗ್ಗೆ ಅವಳು ಕುಂದಾಪುರದ ದಾರಿ ಹಿಡಿಯುತ್ತಾಳೆ. ಒಂದು ಅಗ್ರಹಾರ, ಒಂದು ಮಠ, ಅಷ್ಟೂ ಶಾಸ್ತ್ರ ಸೇರಿ ಮಾಡಲಾರದ ಕೆಲಸವನ್ನು ಒಬ್ಬ ಸೂಳೆ ಎನಿಸಿಕೊಂಡವಳೂ ಒಬ್ಬ ಮುಸಲ್ಮಾನನೂ ಒಂದು ರಾತ್ರಿಯಲ್ಲಿ ಮಾಡಿ ಮುಗಿಸಿದರು. ಅವಳು ಅದನ್ನು ಯಾರಿಗೂ ಹೇಳಿಕೊಳ್ಳಲೂ ಇಲ್ಲ. ಪಾಪ, ಆಚಾರ್ಯರು ಮಾತ್ರ ಕಾದಂಬರಿಯ ಉಳಿದ ಭಾಗ ಪೂರ್ತಿ, ಸುಟ್ಟು ಬೂದಿಯಾದ ಹೆಣವನ್ನು ತಲೆಯೊಳಗೆ ಹೊತ್ತುಕೊಂಡು ಅಲೆಯುತ್ತಾರೆ. ಕೃತಿಯೂ ಅವರ ಜೊತೆಗೇ ಹೋಗುತ್ತದೆ. ಚಂದ್ರಿಯನ್ನು ದಾರಿಯಲ್ಲೇ ಬಿಟ್ಟುಬಿಡುತ್ತದೆ. ನವ್ಯದ ಕಣ್ಣು ಒಳಗೇ ನೋಡುವ ಕಣ್ಣು. ತನ್ನ ಎದುರಿಗೇ ನಡೆದುಹೋದವಳ ಬೆನ್ನನ್ನು ಅದು ನೋಡಲಿಲ್ಲ.

ನಮ್ಮ ಮಂಡ್ಯದ ಮಾತಿನಲ್ಲಿ ಕರುಳಿಗೆ ಕಳ್ಳು ಅನ್ನುತ್ತೇವೆ. 'ಕಳ್ಳು ಚುರುಕ್ ಅಂತು ಕಣಪ್ಪ' ಅಂತಾರೆ ನಮ್ಮ ಹೆಂಗಸರು. ಅನುಕಂಪ, ಸಹಾನುಭೂತಿ ಎನ್ನುವ ಪದಗಳೆಲ್ಲ ಮೇಲಿನಿಂದ ಕೆಳಕ್ಕೆ ಬಗ್ಗಿ ನೋಡುವ ಪದಗಳು. ಕಳ್ಳಿಗೆ ಮೇಲು ಕೀಳು ಇಲ್ಲ, ಅದು ಹೊಟ್ಟೆಯೊಳಗಿನದು. ಚಂದ್ರಿಯ ಧೈರ್ಯ ಹುಟ್ಟಿದ್ದು ಅಲ್ಲಿಂದ. ನಮ್ಮ ಶಾಲೆಯ ಪುಸ್ತಕಗಳು ಧೈರ್ಯ ಅಂದರೆ ಚೆನ್ನಮ್ಮನ ಕತ್ತಿ, ಓಬವ್ವನ ಒನಕೆ ಎಂದು ತೋರಿಸುತ್ತವೆ. ಅವರಿಬ್ಬರೂ ದೊಡ್ಡವರೇ, ಅದರಲ್ಲೂ ಓಬವ್ವ ನಮ್ಮವಳು. ಆದರೆ ಕೋಟೆ ಇಲ್ಲದ, ಒನಕೆ ಎತ್ತುವ ಸಂದರ್ಭವೂ ಬರದ, ಬರೀ ಒಂದು ಕೊಳೆತ ಹೆಣದ ಮುಂದೆ ನಿಂತ ಹೆಣ್ಣಿನ ಧೈರ್ಯಕ್ಕೆ ನಮ್ಮ ಪಾಠಗಳಲ್ಲಿ ಜಾಗ ಇಲ್ಲ.

ಇಷ್ಟು ಹೇಳಿ ಚಂದ್ರಿಯನ್ನು ಮೆರವಣಿಗೆ ಮಾಡಿ ನಿಲ್ಲಿಸಿದರೆ ಅದು ಅರ್ಧ ಓದು. ಅದೇ ಕಾದಂಬರಿಯಲ್ಲಿ ಬೆಳ್ಳಿ ಇದ್ದಾಳೆ. ಹೊಲಗೇರಿಯ ಹುಡುಗಿ. ಶ್ರೀಪತಿಗೆ ಅವಳ ಮೈ ಬೇಕು, ಮಾತು ಬೇಡ. ಕಾದಂಬರಿಗೂ ಹೆಚ್ಚು ಕಡಿಮೆ ಅಷ್ಟೇ. ಇಲಿ ಬಿದ್ದು ಊರಿಗೆ ಪ್ಲೇಗು ಬಂದಿದೆ. ಅಗ್ರಹಾರದಲ್ಲಿ ಒಂದು ಹೆಣಕ್ಕೆ ಇಷ್ಟು ಚರ್ಚೆ ನಡೆಯುವಾಗ ಹೊಲಗೇರಿಯಲ್ಲಿ ಜನ ಸಾಯುತ್ತಲೇ ಇದ್ದಾರೆ. ಅವರ ಹೆಣಗಳನ್ನು ಗುಡಿಸಲ ಸಮೇತ ಬೆಂಕಿ ಹಚ್ಚಿ ಮುಗಿಸುತ್ತಾರೆ. ಕಾದಂಬರಿ ಅದನ್ನೂ ಕೆಲವೇ ಸಾಲಿನಲ್ಲಿ ಮುಗಿಸುತ್ತದೆ. ಅಲ್ಲಿ ಶಾಸ್ತ್ರದ ಪ್ರಶ್ನೆ ಏಳುವುದಿಲ್ಲ, ಒಡವೆ ಬಿಚ್ಚಿಡುವವರಿಲ್ಲ, ಯಾವ ಆಚಾರ್ಯನೂ ನಿದ್ದೆಗೆಡುವುದಿಲ್ಲ. ಚಂದ್ರಿಯ ಕಳ್ಳು ಕೂಡ ಆ ಗುಡಿಸಲುಗಳ ತನಕ ಹೋಗಲಿಲ್ಲ, ಲೇಖಕರು ಅವಳನ್ನು ಅಲ್ಲಿಗೆ ಕಳಿಸಲಿಲ್ಲ. ಇದು ಎಲ್ಲೋ ಮಲೆನಾಡಿನ ಮೂಲೆಯ ಕಥೆ ಅಂತ ನಾವು ಬಯಲುಸೀಮೆಯವರು ಕೈ ತೊಳೆದುಕೊಳ್ಳುವಂತಿಲ್ಲ. ಪಾಂಡವಪುರ ದಾಟಿದರೆ ಮೇಲುಕೋಟೆ ಬೆಟ್ಟ ಕಾಣುತ್ತದೆ. ಅಲ್ಲಿ ರಾಮಾನುಜರು ನಮ್ಮವರಿಗೆ 'ತಿರುಕುಲದವರು' ಎಂದು ಹೆಸರು ಕೊಟ್ಟರು, ವರ್ಷದಲ್ಲಿ ಕೆಲವು ದಿನ ಗುಡಿಯೊಳಕ್ಕೆ ಬಿಟ್ಟರು ಎಂಬ ಕಥೆಯನ್ನು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಮಿಕ್ಕ ದಿನಗಳ ಕಥೆ ಹೇಳುವವರಿಲ್ಲ.

ಈಗ ಸಿನಿಮಾಕ್ಕೆ ಬರೋಣ. ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಗಿರೀಶ ಕಾರ್ನಾಡರ ಚಿತ್ರಕಥೆ. ಕಾರ್ನಾಡರೇ ಆಚಾರ್ಯರು, ಲಂಕೇಶರು ನಾರಣಪ್ಪ. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ಇದನ್ನು ತಡೆಹಿಡಿಯಿತು, ಆಮೇಲೆ ಕೇಂದ್ರದಲ್ಲಿ ಬಿಡುಗಡೆ ಸಿಕ್ಕಿತು, ಅದೇ ಚಿತ್ರಕ್ಕೆ 1970ರ ರಾಷ್ಟ್ರಪತಿ ಸ್ವರ್ಣಪದಕವೂ ಬಂತು. ತಡೆದ ಕೈ ಮತ್ತು ಹಾರ ಹಾಕಿದ ಕೈ ಎರಡೂ ಒಂದೇ ಸರ್ಕಾರದ್ದು. ಚಂದ್ರಿಯ ಪಾತ್ರದಲ್ಲಿ ಸ್ನೇಹಲತಾ ಹೆಚ್ಚು ಮಾತಾಡುವುದಿಲ್ಲ. ಆ ಮುಖದಲ್ಲಿ ಬೇಡುವ ಭಾವ ಇಲ್ಲ, ಅದು ನನಗೆ ಮೆಚ್ಚುಗೆಯಾಯಿತು. ಆದರೆ ಆ ನಡಿಗೆ, ಆ ನಿಲುವು ಕೂಲಿ ಮಾಡಿ ಬೆನ್ನು ಬಗ್ಗಿದವಳದಲ್ಲ, ರಂಗಭೂಮಿಯಲ್ಲಿ ಪಳಗಿದವಳದು. ಅದನ್ನೂ ಹೇಳಬೇಕು.

ಸ್ನೇಹಲತಾ ಹುಟ್ಟಿದ್ದು 1932ರಲ್ಲಿ, ಕ್ರೈಸ್ತ ಕುಟುಂಬದಲ್ಲಿ. ಕಾಲೇಜು ಓದುವ ಹುಡುಗಿಯಾಗಿದ್ದಾಗಲೇ ಬ್ರಿಟಿಷರ ಆಳ್ವಿಕೆಯ ಮೇಲಿನ ಸಿಟ್ಟಿಗೆ ಭಾರತೀಯ ಹೆಸರಿಟ್ಟುಕೊಂಡು ಭಾರತೀಯ ಉಡುಪನ್ನೇ ಉಡತೊಡಗಿದರು. ಇದು ಓದಿದ ಮನೆಯ ಹುಡುಗಿಯ ಮೊದಲ ಪ್ರತಿಭಟನೆ, ಹೆಸರಿನಲ್ಲಿ, ಬಟ್ಟೆಯಲ್ಲಿ. ಮದರಾಸಿನಲ್ಲಿ 'ಮದ್ರಾಸ್ ಪ್ಲೇಯರ್ಸ್' ಎಂಬ ನಾಟಕ ತಂಡ ಕಟ್ಟಿದವರಲ್ಲಿ ಒಬ್ಬರಾದರು. ಗಂಡ ಹೆಂಡತಿ ಇಬ್ಬರೂ ಲೋಹಿಯಾ ವಿಚಾರಕ್ಕೆ ಒಲಿದವರು. ಇಂಗ್ಲಿಷ್ ನಾಟಕ, ಬೆಂಗಳೂರಿನ ಮನೆ, ಕಲೆ ಸಾಹಿತ್ಯದ ಗೆಳೆಯರ ಬಳಗ. ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವಳಿಗೂ ಇವರಿಗೂ ಏನು ಸಂಬಂಧ ಅಂತ ನಮ್ಮ ಸಂಗಾತಿಗಳು ಕೇಳಬಹುದು. ಕೇಳಬೇಕು ಕೂಡ.

ಅದಕ್ಕೆ ಉತ್ತರ ಹುಡುಕುವ ಮೊದಲು ತುರ್ತುಪರಿಸ್ಥಿತಿಯ ವಿಷಯ ನಮ್ಮ ಕೇರಿಯ ಕಡೆಯಿಂದ ಒಂದಿಷ್ಟು ಮಾತಾಡಬೇಕು. 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ ಈ ದೇಶದಲ್ಲಿ ಪ್ರಜಾಪ್ರಭುತ್ವ ಇರಲಿಲ್ಲ ಅಂತ ಪತ್ರಿಕೆಗಳು ವರ್ಷವರ್ಷವೂ ಬರೆಯುತ್ತವೆ. ನಿಜ. ಆದರೆ ನಮ್ಮ ತಾತನನ್ನು ಕೇಳಿದರೆ ಬೇರೆ ಹೇಳುತ್ತಾನೆ. 'ಇಂದ್ರಮ್ಮ ಜೀತ ಬುಡಿಸಿದ್ಲು ಕಣ್ಲಾ' ಅಂತಾನೆ. ಜೀತಪದ್ಧತಿ ರದ್ದು ಮಾಡಿದ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರಿನಲ್ಲಿ, ಅದು ಕಾಯಿದೆಯಾದದ್ದು 1976ರಲ್ಲಿ. ಉಳುವವನಿಗೆ ಭೂಮಿ ಎಂದು ದೇವರಾಜ ಅರಸು ತಂದ ತಿದ್ದುಪಡಿ 1974ರದ್ದು, ಅದರ ನ್ಯಾಯಮಂಡಳಿಗಳು ಕೂತು ಅರ್ಜಿ ವಿಚಾರಿಸಿದ್ದು ಈ ಕಾಲದಲ್ಲೇ. ಹಾವನೂರು ವರದಿ ಬಂದದ್ದೂ 1975ರಲ್ಲೇ. ಗೇಣಿ ಮಾಡುತ್ತಿದ್ದವನಿಗೆ ಭೂಮಿ ಬಂತು. ಗೇಣಿಯೂ ಇಲ್ಲದೆ ಬರೀ ಕೂಲಿಗೆ ಹೋಗುತ್ತಿದ್ದ ನಮ್ಮ ಬಹಳ ಜನಕ್ಕೆ ಬರಲಿಲ್ಲ, ಅದು ಬೇರೆ ಜಗಳ. ಅದೇ ತಾತ ಇನ್ನೊಂದು ಮಾತನ್ನೂ ಹೇಳುತ್ತಾನೆ: ಆಪರೇಷನ್‌ಗೆ ಹಿಡ್ಕೊಂಡು ಹೋಯ್ತಾರೆ ಅಂತ ಸುದ್ದಿ ಬಂದಾಗ ಎರಡು ರಾತ್ರಿ ಕಬ್ಬಿನ ಗದ್ದೇಲಿ ಅವಿತ್ಕೊಂಡಿದ್ದನಂತೆ. ಒಂದೇ ಸರ್ಕಾರ ಕಾಲಿನ ಹಗ್ಗ ಬಿಚ್ಚಿತು, ಸೊಂಟಕ್ಕೆ ಕೈ ಹಾಕಿತು. ಇದು ನಮ್ಮ ತುರ್ತುಪರಿಸ್ಥಿತಿ. ಇದರಲ್ಲಿ ಅರ್ಧ ಮಾತ್ರ ಹೇಳುವ ಯಾರ ಭಜನೆಗೂ ನಾವು ತಾಳ ಹಾಕಬೇಕಾಗಿಲ್ಲ. ಕೊಟ್ಟ ಜಮೀನು ತೋರಿಸಿ ಜೈಲನ್ನು ಮುಚ್ಚುವವರ ಭಜನೆಗೂ ಇಲ್ಲ, ಜೈಲು ತೋರಿಸಿ ಜೀತವನ್ನು ಮರೆಸುವವರ ಭಜನೆಗೂ ಇಲ್ಲ.

1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ತುರ್ತುಪರಿಸ್ಥಿತಿ ಇರುವವರೆಗೆ, ನನ್ನನ್ನು ಯಾಕೆ ಹಿಡಿದಿಟ್ಟಿದ್ದೀರಿ ಎಂದು ಬಂದಿಯಾದವನು ನ್ಯಾಯಾಲಯವನ್ನು ಕೇಳುವಂತಿಲ್ಲ. ಐವರಲ್ಲಿ ನ್ಯಾಯಮೂರ್ತಿ ಎಚ್.ಆರ್.ಖನ್ನಾ ಒಬ್ಬರೇ ಒಪ್ಪಲಿಲ್ಲ. ಅದಾದ ನಾಲ್ಕನೇ ದಿನ, ಮೇ 2ರಂದು, ಸ್ನೇಹಲತಾ ಅವರನ್ನು ಬಂಧಿಸಿದರು. ಜಾರ್ಜ್ ಫರ್ನಾಂಡಿಸ್ ತಲೆಮರೆಸಿಕೊಂಡಿದ್ದ ಕಾಲ, ಬರೋಡಾ ಡೈನಮೈಟ್ ಮೊಕದ್ದಮೆ. ರೆಡ್ಡಿ ದಂಪತಿಗಳು ಜಾರ್ಜರ ಸ್ನೇಹಿತರು. ಕೊನೆಗೆ ಜಾರ್ಜ್ ಮತ್ತು ಇತರರ ಮೇಲೆ ಆರೋಪಪಟ್ಟಿ ಸಲ್ಲಿಸಿದಾಗ ಅದರಲ್ಲಿ ಸ್ನೇಹಲತಾರ ಹೆಸರೇ ಇರಲಿಲ್ಲ. ಆದರೂ ಬಿಡಲಿಲ್ಲ. ಮೀಸಾ ಎಂಬ ಕಾಯಿದೆಗೆ ಆರೋಪವೇ ಬೇಕಿರಲಿಲ್ಲವಲ್ಲ.

ಎಂಟು ತಿಂಗಳು. ಒಬ್ಬರಿಗೆ ಮಾತ್ರ ಸಾಕಾಗುವ ಕೋಣೆ, ಒಂದು ತುದಿಗೆ ಕಂಬಿ, ಇನ್ನೊಂದು ತುದಿಗೆ ಕಕ್ಕಸಿಗೊಂದು ತೂತು. ಮಲಗುವುದು ನೆಲದ ಮೇಲೆ. ಅವರಿಗೆ ಮೊದಲಿಂದಲೂ ಆಸ್ತಮಾ. ಉಬ್ಬಸ ಏರಿದಾಗ ಬೇಕಾದ ಚಿಕಿತ್ಸೆ ಸರಿಯಾಗಿ ಸಿಗಲಿಲ್ಲ. ಅದೇ ಜೈಲಿನಲ್ಲಿದ್ದ ಮಧು ದಂಡವತೆ, ರಾತ್ರಿಯ ನಿಶ್ಶಬ್ದದಲ್ಲಿ ಸ್ನೇಹಲತಾ ಅವರ ಚೀರಾಟ ತಮಗೆ ಕೇಳಿಸುತ್ತಿತ್ತೆಂದು ಮುಂದೆ ಬರೆದರು. ಅಟಲ್ ಬಿಹಾರಿ ವಾಜಪೇಯಿ, ಅಡ್ವಾಣಿಯವರನ್ನೂ ಇದೇ ಬೆಂಗಳೂರು ಜೈಲಿನಲ್ಲಿ ಇಟ್ಟಿದ್ದರು. ಅವರ ಜೈಲುವಾಸವೆಲ್ಲ ಮುಂದೆ ರಾಜಕೀಯದ ಬಂಡವಾಳವಾಯಿತು. ಗೋಡೆಯಾಚೆ ಹೆಂಗಸರ ವಾರ್ಡಿನಲ್ಲಿ ಉಬ್ಬಸ ಬಿಟ್ಟ ಹೆಣ್ಣಿನ ಎಂಟು ತಿಂಗಳು ಯಾರ ಬಂಡವಾಳವೂ ಆಗಲಿಲ್ಲ.

ಆಕೆ ಡೈರಿ ಬರೆದದ್ದು ಇಂಗ್ಲಿಷಿನಲ್ಲಿ. ಸತ್ತ ಮೇಲೆ, 1977ರಲ್ಲಿ, ಅದು ಅಚ್ಚಾಯಿತು. ಮನೆಗೆ ಮೊದಲ ಡಿಗ್ರಿ ತಂದ ನನ್ನಂಥವನು ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಅಂಥ ಇಂಗ್ಲಿಷನ್ನು ದಾಟಬೇಕು. ದಾಟಿದರೆ ಸಿಗುವುದು ನಾಯಕಿಯ ಆತ್ಮಸ್ತುತಿ ಅಲ್ಲ. ಮೊದಮೊದಲು ಅಲ್ಲಿರುವುದು ತನ್ನ ನೋವು, ತನ್ನ ಉಸಿರು, ಮಕ್ಕಳ ನೆನಪು, ಯಾಕೆ ನನ್ನನ್ನು ಇಲ್ಲಿಟ್ಟಿದ್ದಾರೆ ಎಂಬ ಪ್ರಶ್ನೆ. ಇದು ಸಹಜ, ಯಾರೇ ಆದರೂ ಮೊದಲು ತನ್ನ ಗಾಯವನ್ನೇ ಮುಟ್ಟಿ ನೋಡಿಕೊಳ್ಳುತ್ತಾರೆ. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಜೈಲಿಗೆ ಹೊಸದಾಗಿ ಬರುವ ಹೆಂಗಸನ್ನು ಎಲ್ಲರ ಎದುರಿಗೇ ಬಟ್ಟೆ ಬಿಚ್ಚಿಸಿ ನಿಲ್ಲಿಸುವುದನ್ನು ಕಂಡರು. ಹೊಡೆಯುವುದನ್ನು ಕಂಡರು. ಶಿಕ್ಷೆ ಅಂತ ಕೋರ್ಟು ಕೊಟ್ಟದ್ದರ ಮೇಲೆ ಈ ಮೈಯ ಅವಮಾನ ಇನ್ನೊಂದು ಯಾಕೆ ಎಂದು ಕೇಳಿದರು. ಸಾಮಾನ್ಯ ಕೈದಿ ಹೆಂಗಸರನ್ನು ಹೊಡೆಯುವುದರ ವಿರುದ್ಧ ಜೈಲಿನವರ ಜೊತೆ ಜಗಳಕ್ಕೆ ನಿಂತರು, ಹೊಡೆತ ನಿಲ್ಲುವವರೆಗೂ ಬಿಡಲಿಲ್ಲ. ಊಟದ ವಿಷಯಕ್ಕೂ ಜಗಳ. ಆ ಹೆಂಗಸರಿಗೆ ಹಾಡು ಕಲಿಸಿದರು, ಆಟ ಆಡಿಸಿದರು.

ಇಲ್ಲಿ ಒಂದು ಸೂಕ್ಷ್ಮ ಇದೆ. ರಾಜಕೀಯ ಕೈದಿಗೂ ಸಾಮಾನ್ಯ ಕೈದಿಗೂ ನಡುವೆ ಒಂದು ವರ್ಣಾಶ್ರಮ ಇರುತ್ತದೆ. ನಾವು ದೇಶಕ್ಕಾಗಿ ಬಂದವರು, ಅವರು ಕಳ್ಳರು ಸೂಳೆಯರು, ನಮ್ಮನ್ನು ಅವರ ಜೊತೆ ಸೇರಿಸಬೇಡಿ ಎನ್ನುವುದು ಎಷ್ಟೋ ದೊಡ್ಡ ಹೋರಾಟಗಾರರ ಜೈಲಿನ ಬರಹದಲ್ಲೂ ಕಾಣುತ್ತದೆ. ಅದು ಮಡಿಯ ಇನ್ನೊಂದು ರೂಪ. ಸ್ನೇಹಲತಾ ಆ ಮಡಿ ಮುರಿದರು. ಹೆಸರು ಬದಲಿಸಿಕೊಂಡ ಕಾಲೇಜು ಹುಡುಗಿಯ ಪ್ರತಿಭಟನೆ ಎಲ್ಲಿಗೆ ಬಂದು ಮುಟ್ಟಿತು ನೋಡಿ. ಅಲ್ಲಿ ಬಟ್ಟೆ ಆರಿಸಿಕೊಳ್ಳುವ ಸ್ವಾತಂತ್ರ್ಯ ಇದ್ದವಳ ಸಿಟ್ಟು, ಇಲ್ಲಿ ಬಟ್ಟೆಯನ್ನೇ ಕಿತ್ತುಕೊಂಡವರ ಪಕ್ಕ ನಿಲ್ಲುವ ಸಿಟ್ಟು. ಇದನ್ನೇ ನಾನು ಬೆಳವಣಿಗೆ ಅನ್ನುವುದು. ನಮ್ಮ ದೇಶದ ಹೆಂಗಸರ ವಾರ್ಡುಗಳಲ್ಲಿ ತುಂಬಿರುವುದು ಯಾರು? ಜಾಮೀನಿಗೆ ಜನ ಇಲ್ಲದವರು, ವಕೀಲನಿಗೆ ಕಾಸಿಲ್ಲದವರು. ಚಂದ್ರಿಯರು, ಬೆಳ್ಳಿಯರು. ಸಿನಿಮಾದಲ್ಲಿ ಬಣ್ಣ ಹಚ್ಚಿಕೊಂಡು ಚಂದ್ರಿಯಾದ ಹೆಂಗಸು ನಿಜವಾದ ಚಂದ್ರಿಯರ ನಡುವೆ ಬಣ್ಣವಿಲ್ಲದೆ ಕೂತದ್ದು ಆ ಜೈಲಿನಲ್ಲಿ. ಪಾತ್ರ ಮಾಡಿದ್ದರಿಂದ ಈ ಧೈರ್ಯ ಬಂತು ಅಂತ ಸುಲಭವಾಗಿ ಹೇಳಿಬಿಡಬಾರದು. ಪಾತ್ರ ಮಾಡಿ ಪ್ರಶಸ್ತಿ ತಗೊಂಡು ಆರಾಮಾಗಿ ಇದ್ದವರೂ ಬಹಳ ಜನ ಇದ್ದಾರೆ.

ನನಗೆ ತಕರಾರೂ ಇದೆ. ಡೈರಿ ಬರೆಯಲು ಅಕ್ಷರ ಇದ್ದದ್ದು ಒಬ್ಬರಿಗೆ. ಹೊಡೆತ ತಿಂದ ಹೆಂಗಸರಿಗೆ ಡೈರಿ ಇಲ್ಲ. ಅವರು ನಮಗೆ ಸಿಗುವುದು ಸ್ನೇಹಲತಾ ಅವರ ಕಣ್ಣಿನ ಮೂಲಕ ಮಾತ್ರ. ಒಳ್ಳೆಯ ಕಣ್ಣೇ, ಆದರೂ ಇನ್ನೊಬ್ಬರ ಕಣ್ಣು. ಸ್ನೇಹಲತಾ ಅವರಿಗಾಗಿ ಹೊರಗೆ ಬರೆಯುವ ಸ್ನೇಹಿತರಿದ್ದರು. ಆ ಹೆಂಗಸರಿಗೆ ಯಾರು? ತುರ್ತುಪರಿಸ್ಥಿತಿ ಮುಗಿದ ಮೇಲೆ ಮೀಸಾ ಬಂದಿಗಳೆಲ್ಲ ಹೂಮಾಲೆ ಹಾಕಿಸಿಕೊಂಡು ಹೊರಗೆ ಬಂದರು. ಹೆಂಗಸರ ವಾರ್ಡಿನ ಬಾಗಿಲು ಇದ್ದಂತೆಯೇ ಇತ್ತು. ಅವರ ತುರ್ತುಪರಿಸ್ಥಿತಿಗೆ ಶುರುವಿನ ತಾರೀಕೂ ಇಲ್ಲ, ಮುಗಿದ ತಾರೀಕೂ ಇಲ್ಲ. ಇದನ್ನು ಸ್ನೇಹಲತಾ ಅವರ ತಪ್ಪು ಅನ್ನುತ್ತಿಲ್ಲ. ಆ ಡೈರಿಯನ್ನು ಓದುವಾಗ ಬರೆದವರ ಜೊತೆಗೆ ಬರೆಯಲಾರದವರನ್ನೂ ಓದಬೇಕು ಅನ್ನುತ್ತಿದ್ದೇನೆ.

1977ರ ಜನವರಿ 15ರಂದು ದೇಹ ಪೂರ್ತಿ ಸೋತ ಮೇಲೆ ಪೆರೋಲಿನ ಮೇಲೆ ಬಿಟ್ಟರು. 18ರಂದು ಇಂದಿರಾಗಾಂಧಿ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು. ಪಟ್ಟಾಭಿರಾಮ ರೆಡ್ಡಿಯವರು ಲಂಕೇಶರ 'ಕ್ರಾಂತಿ ಬಂತು ಕ್ರಾಂತಿ' ನಾಟಕವನ್ನು ಆಧರಿಸಿ 'ಚಂಡಮಾರುತ' ಎಂಬ ಚಿತ್ರ ಮಾಡಿದರು. ಮಗಳು ನಂದನಾ ರೆಡ್ಡಿ ಮುಂದೆ ಬೆಂಗಳೂರಿನಲ್ಲಿ ದುಡಿಯುವ ಮಕ್ಕಳ ಸಂಘಟನೆಗೆ ಇಳಿದರು.

ಶ್ರೀರಂಗಪಟ್ಟಣಕ್ಕೆ ಶಾಲೆಯ ಪ್ರವಾಸ ಬಂದರೆ ಮೇಷ್ಟ್ರುಗಳು ಮಕ್ಕಳನ್ನು ಸಾಲು ನಿಲ್ಲಿಸಿ ಕರ್ನಲ್ ಬೈಲಿಯ ಬಂದೀಖಾನೆ ತೋರಿಸುತ್ತಾರೆ. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಟಿಪ್ಪುವಿನ ಕೈಗೆ ಸಿಕ್ಕಿದ ಇಂಗ್ಲಿಷ್ ಸೇನಾಧಿಕಾರಿ, 1782ರಲ್ಲಿ ಇಲ್ಲೇ ಸತ್ತ. ಸುಣ್ಣ ಬಳಿದ ಗೋಡೆ, ಕೈ ಕಟ್ಟಲು ಕಲ್ಲಿನ ಚಪ್ಪಡಿ, ಮುಂದೆ ಬೋರ್ಡು. ನಾನೂ ಸಾಲಿನಲ್ಲಿ ನಿಂತು ಅಯ್ಯೋ ಪಾಪ ಅಂದವನೇ. ನಮ್ಮನ್ನು ಆಳಲು ಬಂದ ಪರಂಗಿಯ ಸಂಕಟಕ್ಕೆ ಎರಡು ಶತಮಾನ ದಾಟಿದರೂ ಬೋರ್ಡು ಇದೆ. ಸ್ನೇಹಲತಾ ಇದ್ದ ಬೆಂಗಳೂರು ಜೈಲು ಈಗ ಫ್ರೀಡಂ ಪಾರ್ಕ್ ಆಗಿದೆ. ಬೆಳಗ್ಗೆ ವಾಕಿಂಗ್ ಮಾಡುತ್ತಾರೆ. ಕೆ.ಆರ್.ಪೇಟೆಯಿಂದಲೋ ನಾಗಮಂಗಲದಿಂದಲೋ ಗಾರ್ಮೆಂಟ್ಸಿಗೆ ಹೋದ ನಮ್ಮ ಅಕ್ಕತಂಗಿಯರು ಕೂಲಿ ಕೇಳಿ ಧರಣಿ ಕೂರಬೇಕೆಂದರೂ ಪೊಲೀಸರು ತೋರಿಸುವ ಜಾಗ ಅದೇ. ಹಿಂದೆ ಹಿಡಿದು ಒಳಗೆ ಹಾಕುತ್ತಿದ್ದ ಜಾಗದಲ್ಲೇ ಈಗ ಹೋಗಿ ಕೂಗಿಕೊಳ್ಳಿ ಅಂತ ಬಿಟ್ಟಿದ್ದಾರೆ.

ಹಳ್ಳಿಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ಗೆಳೆಯರಿಗೆ ಒಂದು ಮಾತು. 'ಸಂಸ್ಕಾರ'ವನ್ನು ಪಾಠ ಮಾಡುವಾಗ ಈ ಡೈರಿಯನ್ನೂ ಜೊತೆಗೆ ಇಡಿ. ಇಂಗ್ಲಿಷ್ ಬರುವವರು ನಾಲ್ಕು ಪುಟ ಓದಿ ನಮ್ಮ ಮಾತಿನಲ್ಲಿ ಬಿಡಿಸಿ ಹೇಳಲಿ. ಹೋದ ವರ್ಷ ನಾವು ಕೆಲವರು ಹೆಣ್ಣುಮಕ್ಕಳ ಒಂದು ಹಾಸ್ಟೆಲಿನಲ್ಲಿ ಸಿನಿಮಾ ತೋರಿಸಿ ಹೀಗೆ ಮಾಡಿದೆವು. ಆಚಾರ್ಯರ ದ್ವಂದ್ವದ ಬಗ್ಗೆ ಒಬ್ಬಳೂ ಬಾಯಿ ಬಿಡಲಿಲ್ಲ. ಚಂದ್ರಿ ಬಸ್ ಚಾರ್ಜಿಗೆ ಏನ್ ಮಾಡಿದ್ಲು ಅಂತ ಒಬ್ಬಳು ಕೇಳಿದಳು. ಜೈಲಲ್ಲಿ ಮುಟ್ಟಾದರೆ ಬಟ್ಟೆ ಕೊಡ್ತಿದ್ರಾ ಅಂತ ಇನ್ನೊಬ್ಬಳು. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದ ಪಿಯುಸಿ ಹುಡುಗಿ ಕೊನೆಗೆ ಎದ್ದು ನಿಂತು ಕೇಳಿದಳು: 'ಅಣ್ಣ, ಆ ಬೆಳ್ಳಿ ಏನಾದ್ಲು? ಅವ್ಳ್ನ ಯಾರೂ ಕೇಳ್ನೇ ಇಲ್ವಲ್ಲ.' ನಾವು ಪುಸ್ತಕ ತೆಗೆದು ಪುಟ ತಿರುವತೊಡಗಿದೆವು. ವಾರ್ಡನ್ ಬಂದು ಲೈಟ್ ಆರಿಸುವ ಹೊತ್ತಾಯಿತು ಅನ್ನುವವರೆಗೂ ತಿರುವುತ್ತಲೇ ಇದ್ದೆವು.